ಜಿನ್ಸೆಂಗ್: ಬಿಳಿಯದೋ, ಕೆಂಪೋ, ಹುದುಗಿಸಿದ್ದೋ?

ಔಷಧಿಯಾಗಿ ಬಳಸುವ ಬೇರು ಜಿನ್ಸೆಂಗ್; ಅದರ ಈ ಮೂರು ಬಗೆಗಳಲ್ಲಿ ಯಾವುದು ಮೈಗೆ ಚೆನ್ನಾಗಿ ಹತ್ತುತ್ತದೆ ಎಂದು ಕೇಳಿದ್ದೀರಿ. ಮೊದಲು ಒಂದು ಮಾತು. ಜಿನ್ಸೆಂಗ್‌ನ ಮುಖ್ಯ ಅಂಶಗಳಾದ ಜಿನ್ಸೆನೊಸೈಡ್‌ಗಳು ದೊಡ್ಡ ಅಣುಗಳು, ಸಕ್ಕರೆಯ ಬಾಲ ಹೊತ್ತವು. ಹಾಗೇ ನುಂಗಿದರೆ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಆ ಬಾಲವನ್ನು ಒಂದೊಂದಾಗಿ ಕತ್ತರಿಸಿ, ಆರ್‌ಬಿ1 ಎಂಬ ಜಿನ್ಸೆನೊಸೈಡನ್ನು 'ಕಾಂಪೌಂಡ್ ಕೆ' ಆಗಿ ಮಾಡುತ್ತವೆ. ಒಳಗೆ ಹೋಗುವುದು ಹೆಚ್ಚಾಗಿ ಇದೇ.

ಬಿಳಿ ಜಿನ್ಸೆಂಗ್ ಅಂದರೆ ಸುಮ್ನೆ ಒಣಗಿಸಿದ ಬೇರು. ಕೆಲಸವೆಲ್ಲ ನಿಮ್ಮ ಕರುಳಿನದೇ, ಹಾಗಾಗಿ ಗಂಟೆಗಟ್ಟಲೆ ತಡ. ಎಲ್ಲರ ಕರುಳೂ ಒಂದೇ ಥರ ಇರಲ್ಲ, ಅಲ್ವಾ? ಕೆಲವರಲ್ಲಿ ಕಾಂಪೌಂಡ್ ಕೆ ಬಹಳ ಕಡಿಮೆ ತಯಾರಾಗುತ್ತದೆ.

ಕೆಂಪಿನದನ್ನು ಹಬೆಯಲ್ಲಿ ಬೇಯಿಸಿ ಒಣಗಿಸುತ್ತಾರೆ. ಶಾಖಕ್ಕೆ ಸ್ವಲ್ಪ ಸಕ್ಕರೆ ಕಳಚಿ, ಆರ್‌ಜಿ3ಯಂಥ ಹೊಸ ಅಂಶಗಳು ಹುಟ್ಟುತ್ತವೆ. ಬಾಳಿಕೆಯೂ ಜಾಸ್ತಿ. ಆದರೂ ಕರುಳಿನ ಕೆಲಸ ಪೂರ್ತಿ ತಪ್ಪುವುದಿಲ್ಲ.

ಹುದುಗಿಸಿದ್ದರಲ್ಲಿ ಆ ಕತ್ತರಿಸುವ ಕೆಲಸ ಹೊರಗೇ ಸಾಕಷ್ಟು ಮುಗಿದಿರುತ್ತದೆ. ಬೇಗ ರಕ್ತಕ್ಕೆ ಸೇರುತ್ತದೆ, ಜನರ ನಡುವಿನ ವ್ಯತ್ಯಾಸವೂ ಕಡಿಮೆ. ಬೆಲೆ ಮಾತ್ರ ಸಾಮಾನ್ಯವಾಗಿ ಹೆಚ್ಚು.

ಇತ್ತೀಚೆಗೆ ಆಂಟಿಬಯೋಟಿಕ್ ತೆಗೆದುಕೊಂಡಿದ್ದರೆ ಹುದುಗಿಸಿದ್ದು ನೋಡಿ. ಕರುಳಿನ ಕೆಲಸಗಾರರೇ ಕಡಿಮೆಯಾಗಿರಬಹುದು! ಹೊಟ್ಟೆ ಸರಿಯಿದೆ, ಖರ್ಚು ಕಡಿಮೆ ಇರಲಿ ಎಂದರೆ ಬಿಳಿಯದು ಸಾಕು. ಬಹಳ ದಿನ ಇಟ್ಟು ಬಳಸುವವರಿಗೆ ಕೆಂಪು ಅನುಕೂಲ. ವಾರ್ಫರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ) ಅಥವಾ ಸಕ್ಕರೆ ಕಾಯಿಲೆಯ ಮಾತ್ರೆ ನುಂಗುತ್ತಿದ್ದರೆ, ಯಾವುದೇ ಆಗಲಿ, ವೈದ್ಯರನ್ನು ಕೇಳದೆ ಶುರು ಮಾಡಬೇಡಿ.