ಸಂಗೀತಗಾರರ ದಿನಚರಿಗೆ ಗೂಗಲ್ ಕ್ಯಾಲೆಂಡರ್: ಎಲ್ಲಿ ಕೈಹಿಡಿಯುತ್ತದೆ, ಎಲ್ಲಿ ಕೈಕೊಡುತ್ತದೆ

ಸಂಗೀತವನ್ನೇ ಕಸುಬು ಮಾಡಿಕೊಂಡವರಿಗೆ ಕೆಲಸ ಬರುವುದು ಮನೆಯವರಿಗೆಲ್ಲ ಬಿಡುವಿರುವ ಹೊತ್ತಿನಲ್ಲಿ. ಸಂಜೆ, ಶನಿವಾರ, ಭಾನುವಾರ, ರಜಾದಿನ. ಬೆಳಗ್ಗೆ ಪಾಠ, ಮಧ್ಯಾಹ್ನ ರೆಕಾರ್ಡಿಂಗ್, ರಾತ್ರಿ ಕಾರ್ಯಕ್ರಮ. ಮೂರೂ ಮೂರು ಜಾಗದಲ್ಲಿ, ಮೂರು ಬೇರೆ ಬೇರೆ ತಂಡಗಳ ಜೊತೆ. ವಾಟ್ಸ್‌ಆ್ಯಪ್ ಗುಂಪುಗಳನ್ನು ಮೇಲಕ್ಕೆ ತಳ್ಳುತ್ತಾ ತಾರೀಕು ಹುಡುಕುವವರು ಒಂದಲ್ಲ ಒಂದು ದಿನ ಎರಡು ಕಡೆ ಒಪ್ಪಿಕೊಂಡು ಬಿಡುತ್ತಾರೆ. ಇಲ್ಲವೇ ಮಗುವಿನ ಹುಟ್ಟುಹಬ್ಬದ ಸಂಜೆಗೇ ರಿಹರ್ಸಲ್ ಇಟ್ಟುಕೊಂಡಿರುತ್ತಾರೆ.

ಗೂಗಲ್ ಕ್ಯಾಲೆಂಡರ್ 2006ರಿಂದ ಬಳಕೆಯಲ್ಲಿದೆ, ಸ್ವಂತ ಬಳಕೆಗೆ ಉಚಿತ, ಆಂಡ್ರಾಯ್ಡ್, ಐಫೋನ್, ಕಂಪ್ಯೂಟರ್ ಮೂರರಲ್ಲೂ ಸಿಗುತ್ತದೆ. ಸಂಗೀತಗಾರರ ಡೈರಿಗೆ ಇದು ಧಾರಾಳವಾಗಿ ಸಾಕು ಎಂಬುದು ನನ್ನ ತೀರ್ಮಾನ. ಆದರೆ ಇದನ್ನು ರೂಪಿಸಿರುವುದು ಅರ್ಧ ಗಂಟೆ, ಒಂದು ಗಂಟೆಯ ಮೀಟಿಂಗುಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಬಂದ ಹಾಗೇ ಬಳಸಿದರೆ ಕೈಕೊಡುತ್ತದೆ. ಮೊದಲ ದಿನ ಒಂದು ಗಂಟೆ ಕುಳಿತು ನಾಲ್ಕೈದು ಸೆಟ್ಟಿಂಗ್ ಬದಲಾಯಿಸಿಕೊಂಡರೆ ಆಮೇಲೆ ಅದರಷ್ಟು ಉಪಯೋಗಕ್ಕೆ ಬರುವ ಉಪಕರಣ ಇನ್ನೊಂದಿಲ್ಲ.

ಮೊದಲ ಕೆಲಸ, ಎಲ್ಲವನ್ನೂ ಒಂದೇ ಕ್ಯಾಲೆಂಡರಿಗೆ ತುಂಬದಿರುವುದು. ಒಂದೇ ಖಾತೆಯೊಳಗೆ ಹಲವು ಕ್ಯಾಲೆಂಡರ್ ಇಟ್ಟುಕೊಳ್ಳಬಹುದು. ಕಂಪ್ಯೂಟರಿನ ಬ್ರೌಸರಿನಲ್ಲಿ ತೆರೆದು, ಎಡಗಡೆ 'ಅದರ್ ಕ್ಯಾಲೆಂಡರ್ಸ್' ಪಕ್ಕದ ಕೂಡಿಸುವ ಗುರುತು ಒತ್ತಿ 'ಕ್ರಿಯೇಟ್ ನ್ಯೂ ಕ್ಯಾಲೆಂಡರ್' ಆರಿಸಿದರಾಯಿತು. ನಾಲ್ಕು ಸಾಕು: ಖಚಿತವಾದ ಕೆಲಸಕ್ಕೊಂದು, ಇನ್ನೂ ಪಕ್ಕಾ ಆಗದ ತಾರೀಕುಗಳಿಗೊಂದು, ಪಾಠಕ್ಕೊಂದು, ಮನೆಗೊಂದು. ಬಣ್ಣ ಹಚ್ಚಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಯಾರು ಏನು ನೋಡಬಹುದು ಎಂಬ ಅನುಮತಿ ಬಣ್ಣಕ್ಕೆ ಅಂಟಿಕೊಂಡಿಲ್ಲ, ಕ್ಯಾಲೆಂಡರಿಗೆ ಅಂಟಿಕೊಂಡಿದೆ. ಪಾಠದ ಮಕ್ಕಳ ಹೆಸರು ತಂಡದವರಿಗೆ ಕಾಣಬೇಕಿಲ್ಲ. ಕಾರ್ಯಕ್ರಮ ಮುಗಿಸಿ ಎಷ್ಟು ಹೊತ್ತಿಗೆ ಬರುತ್ತೀರಿ ಎಂಬುದು ಮನೆಯವರಿಗೆ ಕಾಣಲೇಬೇಕು. ಒಂದೇ ಕ್ಯಾಲೆಂಡರಿನಲ್ಲಿ ಇವೆರಡನ್ನೂ ಸಾಧಿಸಲು ಹೋದರೆ ಪ್ರತಿ ಸಲವೂ ಕೈಯಾರೆ ಮುಚ್ಚುತ್ತಾ ತೆರೆಯುತ್ತಾ ಕೂರಬೇಕಾಗುತ್ತದೆ.

ಹಂಚಿಕೊಳ್ಳುವಾಗ ನಾಲ್ಕು ಹಂತಗಳಿವೆ. ಬಿಡುವಿದೆಯೇ ಇಲ್ಲವೇ ಎಂಬುದಷ್ಟೇ ಕಾಣುವುದು, ವಿವರವೆಲ್ಲ ಕಾಣುವುದು, ತಿದ್ದಲು ಬಿಡುವುದು, ತಿದ್ದುವುದರ ಜೊತೆಗೆ ಇತರರಿಗೆ ಹಂಚಲೂ ಬಿಡುವುದು. ಸಹವಾದಕರಿಗೆ ಮೊದಲನೆಯದು ಸಾಕು. ಯಾವ ತಂಡದ ಜೊತೆ ನುಡಿಸುತ್ತೀರಿ ಎಂಬುದು ಕಾಣದೆ, ಆ ಸಂಜೆ ಬಿಡುವಿಲ್ಲ ಎಂಬುದು ಮಾತ್ರ ಕಂಡರೆ ಅವರ ಕೆಲಸವೂ ಆಗುತ್ತದೆ, ನಿಮ್ಮ ಮರ್ಯಾದೆಯೂ ಉಳಿಯುತ್ತದೆ. ಗಂಡನಿಗೋ ಹೆಂಡತಿಗೋ ಮೂರನೆಯ ಹಂತ ಕೊಡಿ. 'ಪ್ರೈವೇಟ್' ಎಂದು ಗುರುತಿಸಿದ ನಮೂದು ಬರೀ ನೋಡುವ ಅನುಮತಿ ಇರುವವರಿಗೆ ಮುಚ್ಚಿರುತ್ತದೆ. ತಿದ್ದುವ ಅನುಮತಿ ಇರುವವರಿಗೆ ಕಾಣುತ್ತದೆ. ಆದ್ದರಿಂದ ಸಂಭಾವನೆಯ ಲೆಕ್ಕವನ್ನು ತಂಡದವರು ತಿದ್ದುವ ಕ್ಯಾಲೆಂಡರಿನಲ್ಲಿ ಬರೆಯಬೇಡಿ.

ಇನ್ನು ಮುಖ್ಯ ವಿಷಯ. ಸಂಗೀತಗಾರರ ಡೈರಿ ಕೆಡುವುದು ಹೆಚ್ಚಾಗಿ ತಾರೀಕು ತಪ್ಪಿದ್ದರಿಂದಲ್ಲ, ಹೊತ್ತನ್ನು ಕಡಿಮೆ ಬರೆದುಕೊಂಡಿದ್ದರಿಂದ. ಕಾರ್ಯಕ್ರಮ 7ರಿಂದ 9.30 ಎಂದು ಬರೆದರೆ ಎರಡೂವರೆ ಗಂಟೆ. ಅದನ್ನು ಬಿಡಿಸಿ ನೋಡೋಣ. ಸೌಂಡ್ ಚೆಕ್ 4.30ಕ್ಕೆ. ಅದಕ್ಕೆ ಮುಂಚೆ ಸಾಮಾನು ಇಳಿಸಿ, ಸ್ಟ್ಯಾಂಡು ನಿಲ್ಲಿಸಿ, ಕೇಬಲ್ ಎಳೆಯಲು ಒಂದು ಗಂಟೆ, ಅಂದರೆ 3.30ಕ್ಕೆ ಸಭಾಂಗಣದಲ್ಲಿರಬೇಕು. ದಾರಿ ಒಂದೂಕಾಲು ಗಂಟೆಯದಾದರೆ 2.15ಕ್ಕೆ ಮನೆ ಬಿಡಬೇಕು. ವಾದ್ಯ, ಆಂಪ್ಲಿಫೈಯರ್, ಬಟ್ಟೆ ಗಾಡಿಗೆ ತುಂಬಲು ಅರ್ಧ ಗಂಟೆ. ಮುಗಿದ ಮೇಲೆ ಬಿಚ್ಚಿ ಕಟ್ಟಲು ಮುಕ್ಕಾಲು ಗಂಟೆ, ಮತ್ತೆ ಒಂದೂಕಾಲು ಗಂಟೆ ದಾರಿ. ಮಧ್ಯಾಹ್ನ 1.45ರಿಂದ ರಾತ್ರಿ 11.30. ಎರಡೂವರೆ ಗಂಟೆಯ ಕೆಲಸ ಒಂಬತ್ತೂಮುಕ್ಕಾಲು ಗಂಟೆ ತಿಂದಿತು. ಹಾಡುವವರಿಗೆ ಸ್ವಲ್ಪ ಕಡಿಮೆ, ಡ್ರಮ್ಸ್ ನುಡಿಸುವವರಿಗೆ ಇನ್ನೂ ಹೆಚ್ಚು.

ಕ್ಯಾಲೆಂಡರಿನಲ್ಲಿ ಬರೆಯಬೇಕಾದದ್ದು ಈ ಒಂಬತ್ತೂಮುಕ್ಕಾಲು ಗಂಟೆಯನ್ನು. 'ಮಧ್ಯಾಹ್ನ 3ಕ್ಕೆ ಹತ್ತು ನಿಮಿಷ ಮಗೂನ ಕರ್ಕೊಂಡು ಬರ್ತೀಯಾ' ಎಂಬ ಮಾತಿಗೆ ಮನೆಯಲ್ಲಿ ಮುನಿಸು ಹುಟ್ಟುವುದು, 3 ಗಂಟೆ ಡೈರಿಯಲ್ಲಿ ಖಾಲಿ ಕಾಣುವುದರಿಂದಲೇ. ಇಲ್ಲಿ ಗೂಗಲ್ ಕ್ಯಾಲೆಂಡರ್ ಹಿಂದೆ ಬಿದ್ದಿದೆ. ಆ್ಯಪಲ್‌ನ ಕ್ಯಾಲೆಂಡರಿನಲ್ಲಿ ಪ್ರಯಾಣದ ಹೊತ್ತು ಸೇರಿಸುವ ಅಂಕಣವೇ ಇದೆ, ಇದರಲ್ಲಿಲ್ಲ. ದಾರಿಗೆಂದು ಹಿಂದೆ ಮುಂದೆ ಬೇರೆ ನಮೂದು ಹಾಕುವವರಿದ್ದಾರೆ. ಕಾರ್ಯಕ್ರಮ ಒಂದು ದಿನ ಮುಂದಕ್ಕೆ ಹೋದರೆ ಮೂರನ್ನೂ ಸರಿಸಬೇಕು, ಒಂದನ್ನು ಮರೆಯುವುದು ಖಂಡಿತ. ಇಡೀ ಹೊತ್ತಿಗೆ ಒಂದೇ ನಮೂದು ಹಾಕುವುದೇ ಮೇಲು.

ಆ ನಮೂದಿನ ಹೆಸರೂ ಮುಖ್ಯ. ಫೋನಿನ ತಿಂಗಳ ನೋಟದಲ್ಲಿ ಮೊದಲ ಕೆಲವು ಅಕ್ಷರ ಮಾತ್ರ ಕಾಣುತ್ತವೆ. 'ಕಾರ್ಯಕ್ರಮ' ಎಂದು ಶುರುಮಾಡಿದರೆ ತಿಂಗಳ ತುಂಬ ಅದೇ ಅರ್ಧ ಪದ. '2.15 ಹೊರಡು' ಎಂದು ಶುರುಮಾಡಿ, ಆಮೇಲೆ ಜಾಗದ ಹೆಸರು ಬರೆಯಿರಿ. ವಿವರದ ಜಾಗದಲ್ಲಿ ಕ್ರಮವಾಗಿ: ಸಾಮಾನು ಇಳಿಸುವ ಬಾಗಿಲು ಯಾವುದು, ಸೌಂಡ್ ಚೆಕ್ ಹೊತ್ತು, ವೇದಿಕೆ ಹತ್ತುವ ಹೊತ್ತು, ಎಷ್ಟು ನಿಮಿಷ ನುಡಿಸಬೇಕು, ಆಂಪ್ಲಿಫೈಯರ್ ಯಾರು ತರುತ್ತಾರೆ, ಯಾವ ಬಣ್ಣದ ಬಟ್ಟೆ, ಅಲ್ಲಿ ಫೋನ್ ಎತ್ತುವವರ ನಂಬರು. ವ್ಯವಸ್ಥಾಪಕರ ನಂಬರಿಗಿಂತ ಆ ದಿನ ಬಾಗಿಲು ತೆರೆಯುವವರ ನಂಬರೇ ಹೆಚ್ಚು ಕೆಲಸಕ್ಕೆ ಬರುತ್ತದೆ.

ಬಹಳ ಜನ ಬೀಳುವ ಹಳ್ಳ ಒಂದಿದೆ. ಹೊರ ಊರಿನಲ್ಲಿ ಎರಡು ದಿನ ಕಾರ್ಯಕ್ರಮವಿದ್ದರೆ ಸಾಮಾನ್ಯವಾಗಿ 'ಆಲ್ ಡೇ' ಎಂದು ಹಾಕುತ್ತಾರೆ. ಇಡೀ ದಿನದ ನಮೂದನ್ನು ಗೂಗಲ್ ಕ್ಯಾಲೆಂಡರ್ ತಾನಾಗಿ 'ಫ್ರೀ' ಎಂದು ಲೆಕ್ಕ ಹಾಕುತ್ತದೆ, ಹುಟ್ಟುಹಬ್ಬ, ರಜೆಗಳಂಥವು ಅಡ್ಡಬಾರದಿರಲಿ ಎಂದು. ನೀವು ಊರಲ್ಲೇ ಇಲ್ಲದಿದ್ದರೂ ಸಹವಾದಕರಿಗೆ ಬಿಡುವಾಗಿರುವ ಹಾಗೆ ಕಾಣುತ್ತದೆ. ಅವರು ನಂಬಿ ರಿಹರ್ಸಲ್ ಇಡುತ್ತಾರೆ. ನಮೂದು ತೆರೆದು 'ಬ್ಯುಸಿ' ಎಂದು ಬದಲಾಯಿಸಬೇಕು. ಪ್ರತಿ ಸಲವೂ.

ಇನ್ನೂ ಪಕ್ಕಾ ಆಗದ ತಾರೀಕುಗಳಿಗೆ ಬೇರೆ ಕ್ಯಾಲೆಂಡರ್ ಏಕೆ ಎಂದರೆ, ಖಚಿತವಾದ ಕೂಡಲೇ ನಮೂದು ತೆರೆದು ಅದರಲ್ಲಿ ಖಚಿತ ಕೆಲಸದ ಕ್ಯಾಲೆಂಡರನ್ನು ಆರಿಸಿದರೆ ಸಾಕು, ಮತ್ತೆ ಬರೆಯಬೇಕಿಲ್ಲ. ಅಲ್ಲಿಯವರೆಗೆ ಹೆಸರಿನ ಮೊದಲಿಗೆ ಪ್ರಶ್ನೆ ಚಿಹ್ನೆ ಇಡಿ, 'ಬ್ಯುಸಿ' ಎಂದೇ ಇಡಿ, ಮತ್ತು ಎಂದು ಉತ್ತರ ಬರಬೇಕೋ ಆ ದಿನಕ್ಕೆ ಇನ್ನೊಂದು ಚಿಕ್ಕ ನಮೂದು ಹಾಕಿ. ಆ ದಿನದೊಳಗೆ ಉತ್ತರ ಬರದಿದ್ದರೆ ಫೋನ್ ಮಾಡಿ, ಆಗಲೂ ಇಲ್ಲವೆಂದರೆ ಅಳಿಸಿ. ಬಾಕಿ ಬಿದ್ದ ಪ್ರಶ್ನೆ ಚಿಹ್ನೆಗಳು ತಿಂಗಳನ್ನೆಲ್ಲ ಆವರಿಸಿದರೆ ಮನೆಯವರಿಗೆ ಯಾವ ಭಾನುವಾರವೂ ಉಳಿಯುವುದಿಲ್ಲ. ತಪ್ಪಿ ಅಳಿಸಿದ್ದು 30 ದಿನ ಕಸದ ಬುಟ್ಟಿಯಲ್ಲಿರುತ್ತದೆ, ಹಿಂದಕ್ಕೆ ತರಬಹುದು. ಒಂದು ಮಾತು ನೆನಪಿರಲಿ: ಒಂದೇ ಹೊತ್ತಿಗೆ ಎರಡು ಕೆಲಸ ಬರೆದರೆ ಈ ಕ್ಯಾಲೆಂಡರ್ ನಿಮ್ಮನ್ನು ತಡೆಯುವುದಿಲ್ಲ. ಎರಡನ್ನೂ ಪಕ್ಕಪಕ್ಕ ತೋರಿಸುತ್ತದೆ, ಅಷ್ಟೇ. ಒಪ್ಪಿಕೊಳ್ಳುವ ಮೊದಲು ದಿನದ ನೋಟ ತೆರೆದು ಕಣ್ಣಾರೆ ನೋಡುವ ಅಭ್ಯಾಸ ಬೇಕೇ ಬೇಕು.

ಗಂಟೆ ಬಾರಿಸುವ ಸೌಲಭ್ಯ ಮಾತ್ರ ಸೊಗಸಾಗಿದೆ. ಒಂದು ನಮೂದಿಗೆ ಐದು ಸೂಚನೆ ಇಡಬಹುದು, ಹೆಚ್ಚೆಂದರೆ ನಾಲ್ಕು ವಾರ ಮುಂಚೆ. ಮೊದಲೇ ಬರುವ 30 ನಿಮಿಷದ ಸೂಚನೆ ಒಂದೇ ನಮಗೆ ಸಾಲದು. ಒಂದು ವಾರ ಮುಂಚೆ ಒಂದು: ಹಾಡುಗಳ ಪಟ್ಟಿ ಬಂದಿದೆಯೇ, ಹೊಸ ತಂತಿ ಹಾಕಬೇಕೇ ಎಂದು ನೋಡಲು. ಹೊಸ ತಂತಿ ಶ್ರುತಿಯಲ್ಲಿ ನಿಲ್ಲಲು ಸ್ವಲ್ಪ ಕಾಲ ಬೇಕು, ಹಿಂದಿನ ರಾತ್ರಿ ಹಾಕಿದರೆ ವೇದಿಕೆಯ ಮೇಲೆ ಇಳಿಯುತ್ತಲೇ ಇರುತ್ತದೆ. ಒಂದು ದಿನ ಮುಂಚೆ ಇನ್ನೊಂದು: ಬ್ಯಾಟರಿ ಚಾರ್ಜು, ಹೆಚ್ಚುವರಿ ಕೇಬಲ್, ಬಟ್ಟೆ ಇಸ್ತ್ರಿ. ಮೂರನೆಯದು ಅರ್ಧ ಗಂಟೆ ಮುಂಚೆ. ನಮೂದು ಶುರುವಾಗುವುದೇ ಗಾಡಿ ತುಂಬುವ ಹೊತ್ತಿಗಾದ್ದರಿಂದ ಇದು ಸರಿಯಾದ ಗಳಿಗೆಗೆ ಬಡಿಯುತ್ತದೆ. ಇವನ್ನು ಆ ಕ್ಯಾಲೆಂಡರಿನ ಸೆಟ್ಟಿಂಗಿನಲ್ಲಿ ಒಮ್ಮೆ ಇಟ್ಟರೆ ಹೊಸ ನಮೂದುಗಳಿಗೆಲ್ಲ ತಾನಾಗಿ ಬರುತ್ತವೆ. ಆದರೆ ಸೂಚನೆ ಅವರವರ ಸ್ವಂತದ್ದು. ನೀವು ಇಟ್ಟದ್ದು ನಿಮ್ಮ ಫೋನಿನಲ್ಲಿ ಮಾತ್ರ ಬಡಿಯುತ್ತದೆ, ಕ್ಯಾಲೆಂಡರ್ ಹಂಚಿಕೊಂಡ ಮಾತ್ರಕ್ಕೆ ಇತರರಿಗೆ ಕೇಳಿಸುವುದಿಲ್ಲ. ತಂಡದ ಪ್ರತಿಯೊಬ್ಬರೂ ತಮ್ಮದನ್ನು ತಾವೇ ಇಟ್ಟುಕೊಳ್ಳಬೇಕು.

ತಂಡದವರನ್ನು ನಮೂದಿಗೆ ಅತಿಥಿಗಳಾಗಿ ಸೇರಿಸಿ ಆಹ್ವಾನ ಕಳಿಸುವಾಗ ಒಂದು ಸೂಕ್ಷ್ಮ ಗಮನಿಸಬೇಕು. ತಿದ್ದುವ ಅನುಮತಿ ಇಲ್ಲದ ಅತಿಥಿ ತನ್ನ ಫೋನಿನಲ್ಲಿ ಹೊತ್ತು ಬದಲಾಯಿಸಿದರೆ ಅದು ಅವರ ಪ್ರತಿಯಲ್ಲಿ ಮಾತ್ರ ಬದಲಾಗುತ್ತದೆ. ಕೀಬೋರ್ಡಿನವರ ಡೈರಿಯಲ್ಲಿ 6 ಗಂಟೆ, ಉಳಿದವರದರಲ್ಲಿ 5. ಎಲ್ಲರೂ ತಾವೇ ಸರಿ ಎನ್ನುತ್ತಾರೆ, ಎಲ್ಲರ ಕೈಯಲ್ಲೂ ಸಾಕ್ಷಿ ಇರುತ್ತದೆ. ಬದಲಾವಣೆ ಏನಿದ್ದರೂ ನಮೂದು ಹಾಕಿದವರೇ ಮಾಡಬೇಕು ಎಂದು ಮೊದಲೇ ಮಾತಾಡಿಕೊಳ್ಳಿ. ಪಾಠದ ಮಕ್ಕಳ ಪೋಷಕರನ್ನು ಒಟ್ಟಿಗೆ ಆಹ್ವಾನಿಸುವಾಗ 'ಸೀ ಗೆಸ್ಟ್ ಲಿಸ್ಟ್' ಗುರುತು ತೆಗೆಯಿರಿ, ಇಲ್ಲದಿದ್ದರೆ ಒಬ್ಬರ ಇಮೇಲ್ ವಿಳಾಸ ಇನ್ನೊಬ್ಬರಿಗೆ ಕಾಣುತ್ತದೆ.

ಮನೆಯ ಮಟ್ಟಿಗೆ, ಗೂಗಲ್‌ನಲ್ಲಿ ಕುಟುಂಬದ ಗುಂಪು ಮಾಡಿಕೊಂಡರೆ 'ಫ್ಯಾಮಿಲಿ' ಕ್ಯಾಲೆಂಡರ್ ತಾನಾಗಿ ಹುಟ್ಟುತ್ತದೆ. ಆರು ಜನರವರೆಗೆ ಸೇರಬಹುದು, ಎಲ್ಲರೂ ಬರೆಯಬಹುದು. ಶಾಲೆಯ ದಿನಗಳು, ಆಸ್ಪತ್ರೆಯ ಭೇಟಿ, ಸ್ನೇಹಿತರು ಮನೆಗೆ ಬರುವ ಸಂಜೆ ಎಲ್ಲ ಇದಕ್ಕೇ ಬರಲಿ. ಕಾರ್ಯಕ್ರಮಗಳ ಸೀಸನ್ ಶುರುವಾಗುವ ಮೊದಲೇ ಮನೆಯವರು ತಮ್ಮ ದಿನಗಳನ್ನು ಬರೆದಿಟ್ಟರೆ ಫೋನ್ ಬಂದಾಗ ಅವು ಕಣ್ಣಿಗೆ ಬೀಳುತ್ತವೆ. ಆಮೇಲೆ ಬರೆದರೆ ಜಗಳಕ್ಕೆ ದಾಖಲೆಯಾಗುತ್ತವೆ ಅಷ್ಟೇ. ವಿಮಾನ, ಹೋಟೆಲ್ ಬುಕಿಂಗ್‌ಗಳು ಜಿಮೇಲ್‌ನಿಂದ ತಾನಾಗಿ ಕ್ಯಾಲೆಂಡರಿಗೆ ಬರುವುದುಂಟು. ಅವು ಮೊದಲಿಗೆ ನಿಮಗೆ ಮಾತ್ರ ಕಾಣುವ ಹಾಗಿರುತ್ತವೆ. 'ನನ್ನ ಫ್ಲೈಟು ಕ್ಯಾಲೆಂಡರಿನಲ್ಲಿದೆಯಲ್ಲ' ಎಂದರೆ ಮನೆಯವರು 'ನಮಗೆ ಕಾಣ್ತಿಲ್ಲ' ಎನ್ನುವುದು ಇದರಿಂದಲೇ. ಸೆಟ್ಟಿಂಗಿನಲ್ಲಿ ಬದಲಾಯಿಸಿ, ಇಲ್ಲವೇ ಕೈಯಾರೆ ಇನ್ನೊಮ್ಮೆ ಬರೆಯಿರಿ.

ಬೇರೆ ದೇಶದ ಊರಿನಲ್ಲಿ ಕಾರ್ಯಕ್ರಮವಿದ್ದರೆ ನಮೂದು ಬರೆಯುವಾಗಲೇ 'ಟೈಮ್ ಝೋನ್' ಒತ್ತಿ ಆ ಊರನ್ನು ಆರಿಸಿ. ಆರಿಸದೆ ರಾತ್ರಿ 7 ಎಂದು ಬರೆದರೆ ನಿಮ್ಮ ಮನೆಯ 7 ಗಂಟೆಯೆಂದು ಹಿಡಿಯುತ್ತದೆ. ನಾಲ್ಕು ಗಂಟೆ ಹಿಂದಿರುವ ಊರಿಗೆ ಇಳಿದ ಕೂಡಲೇ ಫೋನು ಅದನ್ನು ಮಧ್ಯಾಹ್ನ 3 ಎಂದು ತೋರಿಸುತ್ತದೆ. ಆನ್‌ಲೈನ್ ಪಾಠದಲ್ಲಿ ಇನ್ನೊಂದು ತೊಡಕು. ಅಮೆರಿಕದಲ್ಲಿ ಬೇಸಿಗೆಗೆಂದು ಗಡಿಯಾರ ಒಂದು ಗಂಟೆ ಮುಂದೆ ಹೋಗುವುದು ಮಾರ್ಚ್‌ನ ಎರಡನೆಯ ಭಾನುವಾರ, ಯುರೋಪಿನಲ್ಲಿ ಮಾರ್ಚ್‌ನ ಕೊನೆಯ ಭಾನುವಾರ. ಹಿಂದಕ್ಕೆ ಬರುವುದು ಅಮೆರಿಕದಲ್ಲಿ ನವೆಂಬರಿನ ಮೊದಲ ಭಾನುವಾರ, ಯುರೋಪಿನಲ್ಲಿ ಅಕ್ಟೋಬರಿನ ಕೊನೆಯ ಭಾನುವಾರ. ವಾರವಾರದ ಪಾಠ ಯಾರ ಗಡಿಯಾರಕ್ಕೆ ಕಟ್ಟಿದೆಯೋ ಅವರಿಗೆ ಹೊತ್ತು ಬದಲಾಗುವುದಿಲ್ಲ, ಇನ್ನೊಬ್ಬರಿಗೆ ಒಂದು ಗಂಟೆ ಜರುಗುತ್ತದೆ. ಸಾಲಾಗಿ ಪಾಠಗಳಿದ್ದರೆ ಶಿಕ್ಷಕರ ಗಡಿಯಾರಕ್ಕೇ ಕಟ್ಟಿ, ಮಕ್ಕಳ ಮನೆಯವರಿಗೆ ಮೊದಲೇ ಹೇಳಿಬಿಡಿ.

ಆರ್ಕೆಸ್ಟ್ರಾ, ಶಾಲೆ, ಕ್ಲಬ್ಬುಗಳು ಕೊಡುವ ವೇಳಾಪಟ್ಟಿಯ ಕೊಂಡಿಯನ್ನು ಸೇರಿಸಿಕೊಳ್ಳಬಹುದು. ಆದರೆ ಅಲ್ಲಿ ಆದ ಬದಲಾವಣೆ ಇಲ್ಲಿ ಕಾಣಲು ಹಲವು ಗಂಟೆ ಹಿಡಿಯಬಹುದು. ಇಂದಿನ ರಿಹರ್ಸಲ್ ಇಂದು ಬದಲಾದರೆ ಇದನ್ನು ನಂಬಬೇಡಿ, ಫೋನ್ ಮಾಡಿ ಕೇಳಿ. ಕೊಂಡಿಯ ಬದಲು ಕಡತ ಇಳಿಸಿಕೊಂಡು 'ಇಂಪೋರ್ಟ್' ಮಾಡಿದರಂತೂ ಅದು ಆ ದಿನದ ನಕಲು, ಮುಂದೆಂದೂ ಬದಲಾಗುವುದಿಲ್ಲ.

ವ್ಯವಸ್ಥಾಪಕರು, ಒಪ್ಪಂದ, ಬಿಲ್ಲು, ಹತ್ತಾರು ಕಲಾವಿದರ ಪ್ರವಾಸ ಇರುವ ದೊಡ್ಡ ತಂಡಗಳಿಗೆ ಇದೊಂದೇ ಸಾಲದು. ಹಣದ ಲೆಕ್ಕ ಇಡುವ ವ್ಯವಸ್ಥೆ ಇದರಲ್ಲಿಲ್ಲ, ಅದಕ್ಕೆ ಬೇರೆ ಪಟ್ಟಿ ಇಡಬೇಕು. ಒಬ್ಬೊಬ್ಬರೇ ಹಲವು ತಂಡಗಳಲ್ಲಿ ನುಡಿಸುವವರಿಗೆ, ಪಾಠ ಹೇಳುವವರಿಗೆ, ಮನೆಯಲ್ಲಿ ಮಕ್ಕಳಿರುವವರಿಗೆ ಕಣ್ಣುಮುಚ್ಚಿ ಶಿಫಾರಸು ಮಾಡುತ್ತೇನೆ.

ನೆಲಮಾಳಿಗೆಯ ಸಭಾಂಗಣಗಳಲ್ಲಿ ಸಿಗ್ನಲ್ ಇರುವುದಿಲ್ಲ. ಆಗಲೇ ಫೋನಿಗೆ ಬಂದಿರುವ ನಮೂದುಗಳು ಅಲ್ಲೂ ತೆರೆಯುತ್ತವೆ, ಆದರೆ ನಮೂದಿಗೆ ಅಂಟಿಸಿದ ಡ್ರೈವ್‌ನ ಕಡತಗಳು ತೆರೆಯದೇ ಹೋಗಬಹುದು. ಹಾಡುಗಳ ಪಟ್ಟಿ, ಸ್ವರಲಿಪಿಯ ಪಿಡಿಎಫ್‌ಗಳನ್ನು ಮನೆ ಬಿಡುವ ಮೊದಲೇ ಫೋನಿಗೆ ಇಳಿಸಿಟ್ಟುಕೊಳ್ಳಿ. ಡ್ರೈವ್‌ನಲ್ಲಿ ಆ ಕಡತಕ್ಕೆ ತಂಡದವರಿಗೆಲ್ಲ ಅನುಮತಿ ಕೊಟ್ಟಿದ್ದೀರಾ ಎಂಬುದನ್ನೂ ಒಂದು ದಿನ ಮುಂಚಿನ ಸೂಚನೆ ಬಡಿದಾಗ ನೋಡಿಕೊಳ್ಳಿ. ವೇದಿಕೆಯ ಪಕ್ಕದಲ್ಲಿ ನಿಂತು 'ಅನುಮತಿ ಕೋರಿ' ಎಂಬ ಪರದೆ ನೋಡುತ್ತಿರುವ ಬೇಸ್ ಗಿಟಾರಿನವರಿಗೆ ಆಗ ಯಾರೂ ಸಹಾಯ ಮಾಡಲಾರರು.