ಪಿನ್ನಿನ ಅಸಲಿ, ಹಳೆ ಅಚ್ಚಿನ ಹೊಸ ಪ್ರತಿ, ಎರಕದ ನಕಲು: ಯುದ್ಧಕಾಲದ ಪೈಲಟ್ ಬ್ಯಾಡ್ಜ್‌ಗಳ ಹೋಲಿಕೆ

ಎರಡನೆಯ ಮಹಾಯುದ್ಧದ ಕಾಲದ ಅಮೆರಿಕನ್ ಸೇನಾ ವಾಯುಪಡೆಯ ಪೈಲಟ್ ಬ್ಯಾಡ್ಜ್ (ನಡುವೆ ಗುರಾಣಿ, ಎರಡೂ ಬದಿಗೆ ಚಾಚಿದ ರೆಕ್ಕೆ; ಹಾಗಾಗಿ ಇದಕ್ಕೆ ‘ರೆಕ್ಕೆ’ ಎಂದೂ ಹೆಸರು) ಕೊಳ್ಳುವುದಿದ್ದರೆ, ಬೆನ್ನಿನಲ್ಲಿ ಉದ್ದನೆಯ ಪಿನ್ನಿರುವ, ‘ಸ್ಟರ್ಲಿಂಗ್’ ಎಂಬ ಮುದ್ರೆ ಹೊತ್ತ, ಅಚ್ಚೊತ್ತಿ ಮಾಡಿದ ಬೆಳ್ಳಿಯ ಬ್ಯಾಡ್ಜನ್ನೇ ಕೊಳ್ಳಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ. ಅಂಥದ್ದೊಂದು ನನ್ನಲ್ಲಿದೆ. ಅದರ ಪಕ್ಕದಲ್ಲಿಟ್ಟು ನೋಡಿದ್ದು ಇನ್ನೆರಡನ್ನು: 1943ರದ್ದೆಂದು ಹೇಳಿ ವ್ಯಾಪಾರಿಯೊಬ್ಬರು ಮಾರಿದ, ಹಳೆಯ ಅಚ್ಚಿನಲ್ಲೇ ಎಷ್ಟೋ ವರ್ಷಗಳ ನಂತರ ಒತ್ತಿದ ಬೆಳ್ಳಿಯ ಪ್ರತಿ, ಮತ್ತು ನಕಲೆಂದು ಹೇಳಿಯೇ ಮಾರಿದ ಎರಕದ ಬ್ಯಾಡ್ಜ್.

ಎರಕದ ನಕಲನ್ನು ಹಿಡಿಯುವುದು ಕಷ್ಟವಲ್ಲ. ಅಸಲಿಯ ಮೇಲೆ ಅಚ್ಚು ತೆಗೆದು ಲೋಹ ಹೊಯ್ದಾಗ, ಅದು ತಣಿಯುತ್ತ ಕುಗ್ಗುವುದರಿಂದ, ಮೂರು ಅಂಗುಲದ ರೆಕ್ಕೆ ಕ್ಯಾಲಿಪರ್‌ಗೆ ಸ್ವಲ್ಪ ಗಿಡ್ಡವಾಗಿಯೇ ಸಿಗುತ್ತದೆ. ಗರಿಗಳ ನಡುವಿನ ಗೆರೆಗಳಲ್ಲಿ ಸಾಸಿವೆಗಿಂತ ಸಣ್ಣ ಗಾಳಿಗುಳಿಗಳು ಕಾಣುತ್ತವೆ, ಮುದ್ರೆಯ ಅಕ್ಷರಗಳ ಅಂಚು ಮೊಂಡಾಗಿರುತ್ತದೆ. ಇಷ್ಟು ಸಾಲದಿದ್ದರೆ ತೂಕದ ಪರೀಕ್ಷೆಯಿದೆ. ಆಭರಣ ತೂಗುವ ಸಣ್ಣ ತಕ್ಕಡಿಯ ಮೇಲೆ ನೀರಿನ ಲೋಟವಿಟ್ಟು ಸೊನ್ನೆಗೆ ತಂದು, ಬ್ಯಾಡ್ಜನ್ನು ದಾರದಲ್ಲಿ ತಳಕ್ಕೂ ಬದಿಗೂ ತಾಗದಂತೆ ಮುಳುಗಿಸಿದರೆ, ಅದು ಸರಿಸಿದ ನೀರಿನ ತೂಕವನ್ನು ತಕ್ಕಡಿ ತೋರಿಸುತ್ತದೆ. ನನ್ನ ಅಸಲಿ 18.6 ಗ್ರಾಂ ತೂಗಿ 1.8 ಗ್ರಾಂ ನೀರು ಸರಿಸಿತು, ಅಂದರೆ ಸಾಂದ್ರತೆ 10.3, ಸ್ಟರ್ಲಿಂಗ್‌ಗೆ, ಅಂದರೆ ಸಾವಿರಕ್ಕೆ 925 ಪಾಲು ಬೆಳ್ಳಿಯಿರುವ ಲೋಹಕ್ಕೆ, ಇದು ಸರಿಹೊಂದುವ ಅಂಕಿ. ಎರಕದ್ದು 7.3ರ ಆಸುಪಾಸಿನಲ್ಲಿ ನಿಂತಿತು, ಅದು ತವರ ಬೆರೆತ ಅಗ್ಗದ ಲೋಹದ ಅಂಕಿ. ಒರೆಗಲ್ಲಿಗೆ ಉಜ್ಜಿ ಬ್ಯಾಡ್ಜನ್ನು ಕೆಡಿಸುವುದಕ್ಕಿಂತ ಈ ದಾರಿ ಎಷ್ಟೋ ಮೇಲು.

ನಿಜವಾದ ಕಿರಿಕಿರಿ ಹಳೆ ಅಚ್ಚಿನ ಹೊಸ ಪ್ರತಿಯದು, ಏಕೆಂದರೆ ಮೇಲಿನ ಪರೀಕ್ಷೆಗಳಲ್ಲೆಲ್ಲ ಅದು ಪಾಸಾಗುತ್ತದೆ. ಬೆಳ್ಳಿ ಅಸಲಿ, ಅಚ್ಚು ಅಸಲಿ, ಅಳತೆ ಸರಿ, ತಯಾರಕರ ಮುದ್ರೆಯೂ ಹಳೆಯದೇ. ಸುಳ್ಳಾಗಿರುವುದು ಕಾಲ ಮಾತ್ರ. ಬೆನ್ನಿನಲ್ಲಿ ಎರಡು ಮೊಳೆಗಳೂ ಅವುಗಳಿಗೆ ಒತ್ತಿ ಕೂರಿಸುವ ಕ್ಲಚ್‌ಗಳೂ ಇದ್ದರೆ ಅದು ಹೊಸದೇ ಎಂದು ಕೆಲವರು ತೀರ್ಪು ಕೊಟ್ಟುಬಿಡುತ್ತಾರೆ. ಅದು ಸರಿಯಲ್ಲ, ಯುದ್ಧದ ವರ್ಷಗಳಲ್ಲೇ ಕ್ಲಚ್ ಬಳಕೆಗೆ ಬಂದಿತ್ತು. ಹಾಗೆಂದು ಕ್ಲಚ್‌ನ ಮೇಲಿರುವ ಹಳೆಯ ಹೆಸರನ್ನು ನಂಬುವಂತೆಯೂ ಇಲ್ಲ, ಅದನ್ನು ಬೇರೆ ಬ್ಯಾಡ್ಜಿನಿಂದ ಕಿತ್ತು ಇಲ್ಲಿ ಕೂರಿಸಲು ಅರೆನಿಮಿಷ ಸಾಕು.

ಹೀಗಾಗಿ ನಾನು ನೆಚ್ಚಿಕೊಂಡಿರುವುದು ಹತ್ತುಪಟ್ಟು ದೊಡ್ಡದಾಗಿ ತೋರಿಸುವ ಮಸೂರವನ್ನು. ಅಸಲಿಯಲ್ಲಿ ನಡುವಿನ ಗುರಾಣಿಯ ಹದಿಮೂರು ಪಟ್ಟಿಗಳ ಅಂಚು ಉಗುರಿಗೆ ತಾಗುವಷ್ಟು ಚೂಪಾಗಿದೆ. ಹೊಸ ಪ್ರತಿಯಲ್ಲಿ ಅವು ಮಂಕಾಗಿರುವುದಲ್ಲದೆ, ಎಡ ರೆಕ್ಕೆಯ ಬುಡದಲ್ಲಿ ಕೂದಲೆಳೆಯಂಥ ಉಬ್ಬುಗೆರೆಯೊಂದಿದೆ. ಅಚ್ಚು ಸವೆದು ಬಿರುಕು ಬಿಟ್ಟಾಗ ಆ ಬಿರುಕಿನೊಳಕ್ಕೂ ಬೆಳ್ಳಿ ನುಗ್ಗಿ ಇಂಥ ಗೆರೆ ಏಳುತ್ತದೆ. ಇದೊಂದರಿಂದಲೇ ಕಾಲ ನಿರ್ಧಾರವಾಗುವುದಿಲ್ಲ, ಯುದ್ಧಕಾಲದಲ್ಲೂ ಅಚ್ಚುಗಳು ಸವೆದಿರಬಹುದು. ಬೆಳ್ಳಿಗೆ ಹಿಡಿದ ಕಪ್ಪನ್ನೂ ಜೊತೆಗಿಟ್ಟು ನೋಡಬೇಕು. ಹಳೆಯದಾಗಿ ಕಾಣಲೆಂದು ಗಂಧಕದ ದ್ರಾವಣದಲ್ಲಿ ಅದ್ದಿ ಯಂತ್ರದಿಂದ ಉಜ್ಜಿದ ಬ್ಯಾಡ್ಜಿನಲ್ಲಿ ಗೀರುಗಳೆಲ್ಲ ಒಂದೇ ದಿಕ್ಕಿಗೆ ಓಡುತ್ತವೆ, ಮೊಳೆಯ ಬೆಸುಗೆಯ ಸಂದಿಯಲ್ಲೂ ಒಂದೇ ಸಮನಾದ ಕಪ್ಪು ಕೂತಿರುತ್ತದೆ. ಅಂಗಿಯ ಮೇಲೆ ಸವೆದದ್ದರಲ್ಲಿ ಗೀರುಗಳು ದಿಕ್ಕೆಟ್ಟು ಓಡಾಡಿರುತ್ತವೆ, ಬೆಸುಗೆಯ ಬಣ್ಣ ಸುತ್ತಲಿನ ಬೆಳ್ಳಿಗಿಂತ ಬೇರೆಯಾಗಿ ಮಾಸಿರುತ್ತದೆ. ಆದ್ದರಿಂದ ಸಿಕ್ಕಿದ ಹಳೆಯ ಬ್ಯಾಡ್ಜನ್ನು ದೇವರ ಸಾಮಾನಿನಂತೆ ವಿಭೂತಿ ಹಾಕಿ ಬೆಳಗಬೇಡಿ, ಸಾಕ್ಷಿಯೆಲ್ಲ ಬಟ್ಟೆಗೆ ಹೋಗುತ್ತದೆ.

ಬೆನ್ನಿನಲ್ಲಿ ಅಕ್ಷರವೂ ಅಂಕಿಯೂ ಸೇರಿದ ತಯಾರಕರ ಸಂಕೇತವಿದ್ದರೆ ಅದು ಯುದ್ಧಾನಂತರದ್ದು. ಒಂದೇ ಕಡೆ ಸಾಣೆ ಹಿಡಿದ ಗುರುತಿದ್ದರೆ ಆ ಸಂಕೇತವನ್ನು ಅಳಿಸಿರಬಹುದು.

ಭಾರತದಲ್ಲೇ ಅಕ್ಕಸಾಲಿಗರು ಅಮೆರಿಕನ್ ಸೈನಿಕರಿಗೆ ಕೈಯಿಂದ ಮಾಡಿಕೊಟ್ಟ ರೆಕ್ಕೆಗಳೂ ಇವೆ. ಎಡಬಲ ರೆಕ್ಕೆ ಹೊಂದದಿರುವುದು ಅಲ್ಲಿ ದೋಷವಲ್ಲ, ಮುದ್ರೆಯೂ ಇರಬೇಕೆಂದಿಲ್ಲ. ಹಾಗಾಗಿ ಈ ಹೋಲಿಕೆಯ ಅಳತೆಗೋಲುಗಳು ಅವಕ್ಕೆ ಒಗ್ಗುವುದಿಲ್ಲ. 1943ರಿಂದ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಅಮೆರಿಕನ್ನರ ವಿಮಾನ ದುರಸ್ತಿ ಕೇಂದ್ರವಾಗಿದ್ದುದರಿಂದ, ‘ದಂಡು ಪ್ರದೇಶದ ಹಳೆಯ ಬಂಗಲೆಯಲ್ಲಿ ಸಿಕ್ಕಿದ್ದು’ ಎಂದು ಮಾರುವವರು ಹೇಳಿದರೆ ನಂಬಬೇಕೆನ್ನಿಸುತ್ತದೆ. ಆದರೂ ಬೆನ್ನು ನೋಡದೆ ಬೆಲೆ ಮಾತಾಡುವುದು ಬೇಡ.

ನನ್ನದು ತಿಂಗಳ ಸಂಬಳದ ಸಂಗ್ರಹ. ಹೊಸ ಪ್ರತಿಗೆ ಅಸಲಿಯ ಮುಕ್ಕಾಲು ಬೆಲೆ ಕೇಳುವುದರಿಂದ ಅದರಲ್ಲಿ ನನಗೆ ಯಾವ ಲಾಭವೂ ಕಾಣುವುದಿಲ್ಲ; ಎರಕದ್ದು ಮಕ್ಕಳ ನಾಟಕಕ್ಕೆ ಸಾಕು. ಗ್ಲೈಡರ್ ಪೈಲಟ್, ಫ್ಲೈಟ್ ಸರ್ಜನ್ (ವಾಯುಪಡೆಯ ವೈದ್ಯ) ಮೊದಲಾದ ಅಪರೂಪದ ರೆಕ್ಕೆಗಳಿಗೆ ನಕಲಿನ ಕಾಟ ಹೆಚ್ಚು, ಬೆಲೆಯೂ ಕೈಗೆಟುಕದು. ಕೈಯಲ್ಲಿ ಹಣ ಕಡಿಮೆಯಿದ್ದರೆ ಪೈಲಟ್ ರೆಕ್ಕೆಯನ್ನೂ ಬಿಟ್ಟು, ಸಾಮಾನ್ಯ ವಿಮಾನ ಸಿಬ್ಬಂದಿಯ ಪಿನ್ನಿನ ಬ್ಯಾಡ್ಜ್ ಹುಡುಕುವುದು ಲೇಸು: ಅವು ಹೇರಳವಾಗಿ ತಯಾರಾದವು, ಅವುಗಳ ನಕಲು ಮಾಡಿದರೆ ಗಿಟ್ಟುವುದೂ ಅಷ್ಟಕ್ಕಷ್ಟೆ. ಮುಂದಿನ ಬಾರಿ ನಾನು ಕೊಳ್ಳುವುದೂ ಅದನ್ನೇ, ಅದೂ ಬೆನ್ನಿನ ಫೋಟೊವನ್ನು ಓರೆ ಬೆಳಕಿನಲ್ಲಿ ತೆಗೆದು ಕಳಿಸಲು ಒಪ್ಪುವ ವ್ಯಾಪಾರಿಯಿಂದ.