ಗಣಪತಿಗೆ 413ನೇ ಕಾಫಿ: ಮೈಎಸ್‌ಕ್ಯೂಎಲ್ ಬಳಸಿದ ಅನುಭವ

ಸೋದರಮಾವನ ದರ್ಶಿನಿಗೆ ಟೋಕನ್ ಬಿಲ್ಲಿಂಗ್ ಬರೆದುಕೊಟ್ಟಿದ್ದು ನಾನೇ. ಒಳಗೆ ಓಡೋದು ಲೆಕ್ಕವನ್ನೆಲ್ಲ ಕೂಡಿಡೋ ಡೇಟಾಬೇಸ್ ತಂತ್ರಾಂಶ ಮೈಎಸ್‌ಕ್ಯೂಎಲ್. ಕಮ್ಯುನಿಟಿ ಆವೃತ್ತಿಗೆ ಕಾಸು ಕೊಡಬೇಕಿಲ್ಲ. ಮಾವನ ಬಜೆಟ್ಟೂ ಅಷ್ಟೇ.

ಅವರಿಗೊಂದು ಪದ್ಧತಿ ಇದೆ. ಬೆಳಿಗ್ಗೆ ಆರಕ್ಕೆ ಶಟರ್ ಎತ್ತಿ, ಗಲ್ಲಾಪೆಟ್ಟಿಗೆಗೆ ಊದುಬತ್ತಿ ಬೆಳಗಿ, ಒಂದು ಕಾಫಿ ಟೋಕನ್ ಹೊಡೆಯುತ್ತಾರೆ. ಚೀಟಿ ಗಣಪತಿ ಫೋಟೊ ಕೆಳಗೆ, ಕಾಫಿ ತಮಗೆ. ಚೀಟಿ ಮೇಲೆ ನಂಬರ್ 1 ಇರಲೇಬೇಕು.

ಅದರ ಹಳೆಯ 5.7 ಆವೃತ್ತಿ ಇದ್ದಾಗ ಕಷ್ಟವೇ ಇರಲಿಲ್ಲ. ರಾತ್ರಿ ದಿನದ ಲೆಕ್ಕ ಸೇರಿಸಿದರೆ ಒಂದು ಟ್ರಿಗರ್ (ಟೇಬಲ್ ಬದಲಾದಾಗ ತಾನಾಗೇ ಓಡೋ ಕೋಡ್) ಟೋಕನ್‌ಗಳನ್ನು ಡಿಲೀಟ್ ಮಾಡುತ್ತಿತ್ತು. ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿದರೆ ಖಾಲಿ ಟೇಬಲ್ 1ರಿಂದ ಶುರು. 8.0 ಹಾಗಲ್ಲ, ನಂಬರ್ ನೆನಪಿಟ್ಟುಕೊಳ್ಳುತ್ತೆ. ಬದಲಾಯಿಸಿದ ಮರುದಿನ ಬೆಳಿಗ್ಗೆಯೇ ಫೋನ್: “ಏನೋ ಇದು, ಗಣಪತಿಗೆ 413ನೇ ಕಾಫಿನಾ?”

ಸರಿ, ಟ್ರಿಗರ್‌ನಲ್ಲಿ ಡಿಲೀಟ್ ತೆಗೆದು, ಟೇಬಲ್ ಖಾಲಿ ಮಾಡಿ ನಂಬರನ್ನೂ 1ಕ್ಕೆ ತರೋ ಟ್ರಂಕೇಟ್ ಹಾಕಿದೆ. ಎರರ್ 1422. ಫಂಕ್ಷನ್, ಟ್ರಿಗರ್ ಒಳಗೆ ಕಮಿಟ್ (ಬದಲಾವಣೆ ಖಾಯಂ ಮಾಡೋದು) ಆಗೋ ಹಾಗಿಲ್ಲವಂತೆ. ನಾನೆಲ್ಲಿ ಕಮಿಟ್ ಬರೆದೆ? ಬರೆಯೋದೇ ಬೇಡ, ಟ್ರಂಕೇಟ್ ತಾನಾಗೇ ಕಮಿಟ್ ಮಾಡಿಬಿಡುತ್ತೆ.

ನಾನೂ ಬುದ್ಧಿವಂತ ಅಲ್ವಾ? ಟ್ರಂಕೇಟನ್ನು, ಕರೆದಾಗ ಮಾತ್ರ ಓಡೋ ಕೋಡ್ ಆದ ಪ್ರೊಸೀಜರ್‌ ಒಳಗಿಟ್ಟು, ಟ್ರಿಗರ್‌ನಿಂದ ಅದನ್ನು ಕರೆದೆ. ತುಟಿಪಿಟಕ್ ಅನ್ನದೆ ಒಪ್ಪಿಕೊಂಡಿತು. ರಾತ್ರಿ ಹತ್ತೂವರೆ, ಹುಡುಗರು ದೋಸೆಕಲ್ಲು ಉಜ್ಜುತ್ತಿದ್ದಾರೆ, ಮಾವ ಲೆಕ್ಕ ಮುಗಿಸೋ ಬಟನ್ ಒತ್ತಿದರು. ಮತ್ತೆ 1422! ದಿನದ ಲೆಕ್ಕವೂ ಸೇರಲಿಲ್ಲ. ನನಗೆ ಸಿಟ್ಟು ಬಂದಿದ್ದು ಇಲ್ಲಿ. ಆಗಲ್ಲ ಅನ್ನೋದನ್ನು ಟ್ರಿಗರ್ ಬರೆಯುವಾಗಲೇ ಹೇಳಬಾರದಾ?

ಬೈಯುತ್ತಲೇ ಟೇಬಲ್ ತೆರೆದು ನೋಡಿದೆ. ಟೋಕನ್ ಒಂದೂ ಹೋಗಿರಲಿಲ್ಲ. ಲೆಕ್ಕ ಸೇರಿಸೋದು ಅರ್ಧದಲ್ಲಿರುವಾಗ ಟ್ರಂಕೇಟ್ ನಡೆದು, ಆಮೇಲೆ ಲೆಕ್ಕ ಸೇರದೇ ಹೋಗಿದ್ದರೆ? ಕಮಿಟ್ ಆದದ್ದನ್ನು ರೋಲ್‌ಬ್ಯಾಕ್ ಮಾಡಿ ಹಿಂದಕ್ಕೆ ತರೋಕಾಗಲ್ಲ. ಇಡೀ ದಿನದ ವ್ಯಾಪಾರ ಮಾವನ ಬಾಯಿಲೆಕ್ಕಕ್ಕೆ ಬರುತ್ತಿತ್ತು. ಸಿಟ್ಟು ಸ್ವಲ್ಪ ಇಳಿಯಿತು.

ಈಗ ಟ್ರಿಗರ್ ಇಲ್ಲ. ಬಟನ್ ನೇರವಾಗಿ ಪ್ರೊಸೀಜರನ್ನು ಕರೆಯುತ್ತೆ: ಮೊದಲು ಲೆಕ್ಕ, ಕಮಿಟ್, ಆಮೇಲೆ ಟ್ರಂಕೇಟ್. ಪ್ರೊಸೀಜರ್‌ಗೆ ಇದೆಲ್ಲ ನಡೆಯುತ್ತೆ. ಒಂದೇ ನೆನಪಿರಲಿ, ಅಲ್ಲಿ ‘ಬಿಗಿನ್’ ಅಂದರೆ ಬರೀ ಬ್ಲಾಕ್ (ಕೋಡ್ ತುಂಡು) ಶುರು. ಟ್ರಾನ್ಸಾಕ್ಷನ್ (ಪೂರ್ತಿ ಆಗಬೇಕು, ಇಲ್ಲವೇ ಏನೂ ಆಗಬಾರದು ಅನ್ನೋ ಕೆಲಸಗಳ ಕಟ್ಟು) ಶುರು ಮಾಡೋಕೆ ‘ಸ್ಟಾರ್ಟ್ ಟ್ರಾನ್ಸಾಕ್ಷನ್’ ಅಂತಲೇ ಬರೆಯಬೇಕು.

ಐದಕ್ಕೆ ನಾಲ್ಕು ಸ್ಟಾರ್. ಒಂದು ಆ ರಾತ್ರಿ ಹತ್ತೂವರೆಗೆ ಹೋಯಿತು. ಪ್ರೊಸೀಜರ್ ಬರೆಯೋಕೆ ಬದಲಿಸಿದ ಡಿಲಿಮಿಟರ್ (ಆಜ್ಞೆ ಮುಗಿಯಿತು ಅನ್ನೋ ಗುರುತು) ವಾಪಸ್ ಬದಲಿಸೋದು ಮರೆತು, ಸುಮ್ನೆ, ಮುಂದಿನ ಸಾಲಿಗೆ ಕಾಯೋ ‘->’ ನೋಡುತ್ತಾ ಕೂರೋದು ಮಾತ್ರ ಇನ್ನೂ ತಪ್ಪಿಲ್ಲ.